ಪ್ಲೇಸ್ಟೇಷನ್ ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ

ಟಿವಿಗೆ ಜೋಡಿಸಿ ಆಡುವ ಗೇಮಿಂಗ್ ಕನ್ಸೋಲ್‌ಗಳ ರಿಪೇರಿಯೇ ನನ್ನ ವೃತ್ತಿಯಾದ್ದರಿಂದ, ಹೊಸದನ್ನು ಕೊಳ್ಳಬೇಕೆಂದಿರುವವರು ಅಂಗಡಿಗೆ ಹೋಗುವ ಮೊದಲು ನನ್ನನ್ನೊಮ್ಮೆ ವಿಚಾರಿಸುವುದು ವಾಡಿಕೆಯಾಗಿದೆ. ಪ್ಲೇಸ್ಟೇಷನ್ 5 ಒಳ್ಳೆಯದೋ, ಎಕ್ಸ್‌ಬಾಕ್ಸ್ ಒಳ್ಳೆಯದೋ ಎಂಬುದು ಅವರ ಪ್ರಶ್ನೆ. ಉತ್ತರಿಸುವ ಮೊದಲು ನಾನೂ ಕೆಲವನ್ನು ಕೇಳುತ್ತೇನೆ: ಮನೆಯಲ್ಲಿ ಆಡುವವರು ಯಾರು, ವಾರದಲ್ಲಿ ಯಾವ ಹೊತ್ತು ಆಡುತ್ತಾರೆ, ವರ್ಷಕ್ಕೆ ಎಷ್ಟು ಆಟ ಕೊಳ್ಳುವ ಶಕ್ತಿಯಿದೆ? ಇದಕ್ಕೆ ಸರಾಗವಾಗಿ ಉತ್ತರ ಹೇಳಬಲ್ಲ ಮನೆಯಲ್ಲಿ ಯಂತ್ರ ಐದಾರು ವರ್ಷ ಸಂತೋಷ ಕೊಡುತ್ತದೆ. ಹೇಳಲಾಗದ ಮನೆಯಲ್ಲಿ ಅದು ಮೂರ್ನಾಲ್ಕು ತಿಂಗಳಲ್ಲಿ ಟಿವಿ ಸ್ಟ್ಯಾಂಡಿನ ಮೂಲೆ ಸೇರುತ್ತದೆ. ಅಂಥ ಎಷ್ಟೋ ಯಂತ್ರಗಳು ಯಾವ ದೋಷವೂ ಇಲ್ಲದೆ, "ಮಾರಬೇಕು, ಒಂದ್ಸಲ ಚೆಕ್ ಮಾಡಿ ಕೊಡಿ ಸರ್" ಎಂಬ ಮಾತಿನೊಂದಿಗೆ ನನ್ನ ಮೇಜಿಗೆ ಬರುತ್ತವೆ.

ಸ್ವಲ್ಪ ದಿನ ಕಾದರೆ ಬೆಲೆ ಇಳಿಯುತ್ತದೆ ಎಂಬ ನಂಬಿಕೆ ಹಿಂದೆ ಸರಿಯಾಗಿತ್ತು. 2014ರ ಜನವರಿಯಲ್ಲಿ 39,990 ರೂಪಾಯಿಗೆ ಭಾರತಕ್ಕೆ ಬಂದ ಪ್ಲೇಸ್ಟೇಷನ್ 4 ಮುಂದಿನ ವರ್ಷಗಳಲ್ಲಿ ಅಗ್ಗವಾಯಿತು. ಪ್ಲೇಸ್ಟೇಷನ್ 5ರ ಕಥೆ ಹಾಗಾಗಲಿಲ್ಲ. 2021ರ ಫೆಬ್ರುವರಿ 2ರಂದು ಇಲ್ಲಿ ಬಿಡುಗಡೆಯಾದಾಗ ಡಿಸ್ಕ್ ಹಾಕುವ ಮಾದರಿಗೆ 49,990, ಡಿಸ್ಕ್ ಇಲ್ಲದ ಡಿಜಿಟಲ್ ಮಾದರಿಗೆ 39,990 ರೂಪಾಯಿ ಇತ್ತು. ಆಮೇಲೆ ಎರಡೂ ಐದೈದು ಸಾವಿರ ಏರಿದವು, 2024ರ ಏಪ್ರಿಲ್‌ನಲ್ಲಿ ಬಂದ ಸ್ಲಿಮ್ ಮಾದರಿಗಳೂ ಆ ಏರಿದ ಬೆಲೆಯಲ್ಲೇ, ಅಂದರೆ 54,990 ಮತ್ತು 44,990ಕ್ಕೆ, ಮಾರುಕಟ್ಟೆಗೆ ಬಂದವು. ಆದ್ದರಿಂದ ವರ್ಷಗಟ್ಟಲೆ ಕಾಯಿರಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಕಾಯುವುದಾದರೆ ಹಬ್ಬದ ರಿಯಾಯಿತಿಗೆ ಕಾಯಬಹುದು.

ಆದರೆ ಯಂತ್ರದ ಬೆಲೆ ಖರ್ಚಿನ ಆರಂಭ ಮಾತ್ರ. ದೊಡ್ಡ ಕಂಪನಿಗಳ ಹೊಸ ಆಟವೊಂದಕ್ಕೆ ಐದು ಸಾವಿರ ರೂಪಾಯಿಯ ಆಸುಪಾಸು ಬೀಳುತ್ತದೆ. ವರ್ಷಕ್ಕೆ ನಾಲ್ಕು ಆಟವೆಂದರೆ ಇಪ್ಪತ್ತು ಸಾವಿರ, ಐದು ವರ್ಷಕ್ಕೆ ಒಂದು ಲಕ್ಷ. ಅಣ್ಣತಮ್ಮಂದಿರು ಜೊತೆಗೆ ಕೂತು ಆಡಬೇಕಾದರೆ ಎರಡನೆಯ ಕಂಟ್ರೋಲರ್ ಬೇಕು, ಅದಕ್ಕೆ ಹತ್ತಿರ ಹತ್ತಿರ ಆರು ಸಾವಿರ. ಹಣ ಕೊಟ್ಟು ಕೊಂಡ ಹೆಚ್ಚಿನ ಆಟಗಳನ್ನು ಗೆಳೆಯರೊಂದಿಗೆ ಆನ್‌ಲೈನ್‌ನಲ್ಲಿ ಆಡಲು ಪ್ಲೇಸ್ಟೇಷನ್ ಪ್ಲಸ್ ಚಂದಾ ಬೇಕು. ಫೋರ್ಟ್‌ನೈಟ್‌ನಂಥ ಉಚಿತ ಆಟಗಳಿಗೆ ಅದು ಬೇಕಿಲ್ಲ. ಮಗ ಅಥವಾ ಮಗಳು ಆಡಲು ಬಯಸುವುದು ಇಂಥ ಉಚಿತ ಆಟಗಳನ್ನೇ ಆಗಿದ್ದರೆ, ಅವು ಈಗಿರುವ ಫೋನ್ ಅಥವಾ ಲ್ಯಾಪ್‌ಟಾಪ್‌ನಲ್ಲಿ ಓಡುತ್ತವೆಯೇ ಎಂದು ಮೊದಲು ನೋಡಿ.

ಇಲ್ಲಿಯೇ ಡಿಸ್ಕ್ ಬೇಕೋ ಬೇಡವೋ ಎಂಬ ಪ್ರಶ್ನೆ ಬರುತ್ತದೆ, ಮತ್ತು ಈ ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಬೆಂಗಳೂರಿನಲ್ಲಿರುವ ಕುಟುಂಬ ಡಿಸ್ಕ್ ಮಾದರಿಯನ್ನೇ ಕೊಳ್ಳುವುದು ಲೇಸು. ಗಾಂಧಿನಗರದ ನ್ಯಾಷನಲ್ ಮಾರ್ಕೆಟ್‌ನಲ್ಲಿ ಹಳೆಯ ಡಿಸ್ಕ್ ಕೊಟ್ಟು ಬೇರೆ ಡಿಸ್ಕ್ ತರುವುದು ಬಹಳ ವರ್ಷಗಳಿಂದ ನಡೆದುಬಂದ ವ್ಯವಹಾರ. ಐದು ಸಾವಿರಕ್ಕೆ ಕೊಂಡ ಡಿಸ್ಕನ್ನು ಆಡಿ ಮುಗಿಸಿ ಮೂರು ಸಾವಿರಕ್ಕೆ ಕೊಟ್ಟರೆ ಆ ಆಟಕ್ಕೆ ತಗಲಿದ್ದು ಎರಡೇ ಸಾವಿರ. ಹಾಗೆ ನಾಲ್ಕು ಆಟ ಮುಗಿಯುವಷ್ಟರಲ್ಲಿ ಎರಡು ಮಾದರಿಗಳ ನಡುವೆ 2024ರಲ್ಲಿದ್ದ ಹತ್ತು ಸಾವಿರದ ವ್ಯತ್ಯಾಸವೂ ತುಂಬಿಹೋಗುತ್ತದೆ. ಮನೆಯಲ್ಲಿ ಪ್ಲೇಸ್ಟೇಷನ್ 4ರ ಡಿಸ್ಕ್‌ಗಳಿದ್ದರೆ ಅವೂ ಬಹುಪಾಲು ಇದರಲ್ಲಿ ಓಡುತ್ತವೆ. ಡಿಜಿಟಲ್ ಆಟಗಳಿಗೂ ಆಗಾಗ ಒಳ್ಳೆಯ ರಿಯಾಯಿತಿ ಸಿಗುತ್ತದೆ, ನಿಜ. ಆದರೆ ಅವು ಖಾತೆಗೆ ಅಂಟಿಕೊಂಡಿರುತ್ತವೆ. ಮಾರಲು ಬರುವುದಿಲ್ಲ, ಪಕ್ಕದ ಮನೆಯ ಹುಡುಗನಿಗೆ ನಾಲ್ಕು ದಿನ ಆಡಲು ಕೊಡಲೂ ಬರುವುದಿಲ್ಲ. ಸ್ಲಿಮ್ ಡಿಜಿಟಲ್ ಮಾದರಿಗೆ ಡಿಸ್ಕ್ ಡ್ರೈವನ್ನು ಆಮೇಲೆ ಬೇರೆಯಾಗಿ ಕೊಂಡು ಜೋಡಿಸಬಹುದು, ಜೋಡಿಸುವಾಗ ಇಂಟರ್‌ನೆಟ್ ಸಂಪರ್ಕ ಇರಬೇಕು. ಡಿಸ್ಕ್ ಇಲ್ಲದ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಮಾದರಿಗೆ ಆ ಅವಕಾಶವೇ ಇಲ್ಲ. ಗೇಮ್ ಪಾಸ್ ಚಂದಾ ಕಟ್ಟಿ, ಅದರಲ್ಲಿ ಇರುವುದನ್ನು ಆಡಿಕೊಂಡು ತೃಪ್ತರಾಗಿರುವವರಿಗೆ ಮಾತ್ರ ಅದು ಹೊಂದುತ್ತದೆ.

ಡೌನ್‌ಲೋಡ್ ವಿಷಯವನ್ನೂ ನೆನಪಿನಲ್ಲಿಡಬೇಕು. ಇಂದಿನ ದೊಡ್ಡ ಆಟಗಳು ನೂರು ಜಿಬಿ ತಲುಪುತ್ತವೆ, ಸೆಕೆಂಡಿಗೆ ನೂರು ಮೆಗಾಬಿಟ್ ವೇಗದ ಬ್ರಾಡ್‌ಬ್ಯಾಂಡ್‌ನಲ್ಲೂ ಅದು ಇಳಿಯಲು ಎರಡು ಗಂಟೆಗೂ ಹೆಚ್ಚು ಬೇಕು. ಫೋನಿನ ಹಾಟ್‌ಸ್ಪಾಟ್ ನೆಚ್ಚಿಕೊಂಡು ಪಿಜಿಯಲ್ಲಿರುವವರು ಇದನ್ನು ಯೋಚಿಸದೆ ಕೊಂಡು ಬಹಳ ಕಷ್ಟಪಡುತ್ತಾರೆ.

ಇನ್ನು ಎಲ್ಲಿ ಕೊಳ್ಳಬೇಕೆಂಬುದು. ಹೊರದೇಶದಿಂದ ತಂದ ಯಂತ್ರ ನಾಲ್ಕೈದು ಸಾವಿರ ಕಡಿಮೆಗೆ ಸಿಗುತ್ತದೆಂದು ಅನೇಕರು ಬಿಲ್ ಇಲ್ಲದೆ ಕೊಂಡುಬಿಡುತ್ತಾರೆ. ಅದಕ್ಕೆ ಭಾರತದಲ್ಲಿ ವಾರಂಟಿ ಸಿಗುವುದಿಲ್ಲ. ಪೆಟ್ಟಿಗೆಯ ಮೇಲಿನ ಮಾದರಿ ಸಂಖ್ಯೆಯನ್ನು ಓದಿ ನೋಡಿ; 2024ರಲ್ಲಿ ಇಲ್ಲಿಗೆಂದು ಬಂದ ಸ್ಲಿಮ್‌ನ ಸಂಖ್ಯೆ ಸಿಎಫ್‌ಐ-2008 ಎಂದು ಆರಂಭವಾಗುತ್ತಿತ್ತು. ಡಿಸ್ಕ್‌ಗಳ ವಿಷಯದಲ್ಲೂ ಹೀಗೊಂದು ತೊಡಕಿದೆ: ಬೇರೆ ದೇಶದ ಡಿಸ್ಕ್‌ನಲ್ಲಿರುವ ಮೂಲ ಆಟ ಇಲ್ಲಿ ಓಡುತ್ತದೆ, ಆದರೆ ಅದಕ್ಕೆ ಭಾರತದ ಖಾತೆಯಿಂದ ಕೊಂಡ ಹೆಚ್ಚುವರಿ ಭಾಗಗಳು ಹೊಂದದೆ ಹೋಗಬಹುದು. ನಿಂಟೆಂಡೊ ಕಂಪನಿಯಂತೂ ತನ್ನ ಸ್ವಿಚ್ ಎಂಬ ಕನ್ಸೋಲನ್ನು 2017ರಲ್ಲಿ ಬಿಡುಗಡೆ ಮಾಡಿದಾಗಲೂ ಇಲ್ಲಿ ಅಧಿಕೃತವಾಗಿ ಮಾರಲಿಲ್ಲ; ನಗರದಲ್ಲಿ ಕಾಣುವ ಸ್ವಿಚ್‌ಗಳೆಲ್ಲ ಹೊರಗಿನಿಂದ ಬಂದವು. ಪ್ಲೇಸ್ಟೇಷನ್ 5 ಪ್ರೊ 2024ರ ನವೆಂಬರ್‌ನಲ್ಲಿ ಬೇರೆ ದೇಶಗಳಲ್ಲಿ ಬಿಡುಗಡೆಯಾದಾಗ, ಅದರ ವೈಫೈ ಬಳಸುವ 6 ಗಿಗಾಹರ್ಟ್ಸ್ ತರಂಗಗಳಿಗೆ ನಮ್ಮಲ್ಲಿ ಅನುಮತಿ ಇರಲಿಲ್ಲವಾದ್ದರಿಂದ ಭಾರತಕ್ಕೆ ಬರಲಿಲ್ಲ. ಆಗ ಅದನ್ನು ಹೊರಗಿನಿಂದ ತರಿಸಿಕೊಂಡವರು ಕೆಟ್ಟಾಗ ಎಲ್ಲಿಗೆ ಒಯ್ಯಬೇಕೆಂದು ತಿಳಿಯದೆ ನಮ್ಮಂಥವರನ್ನು ಹುಡುಕಿಕೊಂಡು ಬಂದರು.

ನನ್ನ ಮೇಜಿನ ಮೇಲೆ ಬಿಚ್ಚಿಕೊಳ್ಳುವ ಯಂತ್ರಗಳು ಹೇಳುವುದು ಕೊಂಡ ಮೇಲಿನ ಕಥೆಯನ್ನು. ಪ್ಲೇಸ್ಟೇಷನ್ 5ರ ಬಿಳಿಯ ಪಕ್ಕದ ತಟ್ಟೆಯನ್ನು ಸರಿಸಿದರೆ ಒಳಗೆ ಧೂಳು ಸಂಗ್ರಹವಾಗಲೆಂದೇ ಮಾಡಿದ ಎರಡು ಕಿಂಡಿಗಳಿವೆ. ಆರೇಳು ತಿಂಗಳಿಗೊಮ್ಮೆ, ಪ್ಲಗ್ ತೆಗೆದಿಟ್ಟು, ವ್ಯಾಕ್ಯೂಮ್ ಕ್ಲೀನರ್ ಹಿಡಿದು ಅದನ್ನು ಎಳೆದರೆ ಸಾಕು, ಮನೆಯವರೇ ಮಾಡಬಹುದಾದ ಕೆಲಸ. ಹಾಗೆ ಮಾಡದ ಯಂತ್ರದಲ್ಲಿ, ಅದರಲ್ಲೂ ಮೆಟ್ರೊ ಅಥವಾ ಮೇಲ್ಸೇತುವೆ ಕೆಲಸ ನಡೆಯುವ ರಸ್ತೆಯ ಮನೆಗಳಿಂದ ಬಂದವುಗಳಲ್ಲಿ, ಫ್ಯಾನಿನ ರೆಕ್ಕೆಗಳ ಅಂಚಿಗೆ ಬೂದುಬಣ್ಣದ ಪದರ ಕಂಬಳಿಯಂತೆ ಹೆಪ್ಪುಗಟ್ಟಿರುತ್ತದೆ. ಬಾಗಿಲಿರುವ ಟಿವಿ ಕಪಾಟಿನೊಳಗೆ ಇಟ್ಟಿದ್ದರಂತೂ ಬಿಸಿ ಗಾಳಿ ಹೊರಹೋಗಲು ದಾರಿಯೇ ಇರುವುದಿಲ್ಲ, ಆ ಬೆಚ್ಚನೆಯ ಕತ್ತಲೆಯನ್ನು ಹುಡುಕಿಕೊಂಡು ಜಿರಲೆಗಳೂ ಬರುತ್ತವೆ. ಸುತ್ತ ಒಂದು ಗೇಣಿನಷ್ಟು ಜಾಗ ಬಿಟ್ಟು ಬಯಲಿನಲ್ಲಿಡಿ. ಈ ಯಂತ್ರದಲ್ಲಿ ಮುಖ್ಯ ಚಿಪ್‌ಗೂ ಅದರ ಬಿಸಿಯನ್ನು ಹೀರುವ ಹೀಟ್‌ಸಿಂಕ್‌ಗೂ ನಡುವೆ ದ್ರವರೂಪದ ಲೋಹವಿದೆ. ಅದು ವಿದ್ಯುತ್ತನ್ನು ಹರಿಸುವ ವಸ್ತುವಾದ್ದರಿಂದ ಬೋರ್ಡಿನ ಮೇಲೆ ಒಂದು ಹನಿ ಜಾರಿದರೂ ಇಡೀ ಯಂತ್ರ ಹಾಳು. ಅನುಭವವಿಲ್ಲದವರಿಗೆ ಅಷ್ಟು ಒಳಗೆ ಬಿಚ್ಚಲು ಬಿಡಲೇಬಾರದು.

ಧೂಳಿನ ನಂತರ ಅತಿ ಹೆಚ್ಚು ನೋಡುವುದು ಟಿವಿಗೆ ಹೋಗುವ ಕೇಬಲ್ ಸಿಕ್ಕಿಸುವ ಎಚ್‌ಡಿಎಂಐ ಕಿಂಡಿಯ ತೊಂದರೆ. ಕೇಬಲನ್ನು ಓರೆಯಾಗಿ ಎಳೆದು ಒಳಗಿನ ತೆಳು ನಾಲಿಗೆ ಮುರಿದಿರುತ್ತದೆ, ಇಲ್ಲವೇ ಎಲ್ಲವೂ ಚಾಲೂ ಇರುವಾಗಲೇ ಕೇಬಲ್ ಚುಚ್ಚಿ ಹಿಂದಿನ ಚಿಪ್ ಸುಟ್ಟಿರುತ್ತದೆ. ಪ್ಲೇಸ್ಟೇಷನ್ 5ಕ್ಕೆ ಬರುವುದು ಎರಡು ಕಾಲಿನ ಪ್ಲಗ್, ಅದರಲ್ಲಿ ಅರ್ಥಿಂಗ್ ಇಲ್ಲ. ಟಿವಿಗೆ ಕೇಬಲ್ ಅಥವಾ ಡಿಶ್ ತಂತಿ ಹೊರಗಿನಿಂದ ಬಂದಿದ್ದರೆ ಎರಡರ ನಡುವಿನ ವೋಲ್ಟೇಜ್ ವ್ಯತ್ಯಾಸ ಹಾಯುವುದು ಈ ಕಿಂಡಿಯ ಮೂಲಕವೇ. ಹೀಗಾಗಿ ಎರಡನ್ನೂ ಆಫ್ ಮಾಡಿದ ಮೇಲೆ ಕೇಬಲ್ ಸಿಕ್ಕಿಸಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಸಂಜೆಗಳಲ್ಲಿ ಪ್ಲಗ್ಗನ್ನೂ ಇಂಟರ್‌ನೆಟ್ ತಂತಿಯನ್ನೂ ಕಿತ್ತಿಡಿ.

ಕಂಟ್ರೋಲರ್‌ನ ವಿಷಯ ಹೇಳಿದರೆ ಕೆಲವರಿಗೆ ಬೇಸರವಾಗುತ್ತದೆ. ಅದರಲ್ಲಿ ಹೆಬ್ಬೆರಳಿನಿಂದ ಆಡಿಸುವ ಕಡ್ಡಿಯ ಕೆಳಗೆ ಸಣ್ಣ ಇಂಗಾಲದ ಪಟ್ಟಿಯಿದೆ, ಅದರ ಮೇಲೆ ಲೋಹದ ತುಂಡೊಂದು ಉಜ್ಜುತ್ತಿರುತ್ತದೆ. ಪಟ್ಟಿ ಸವೆದ ದಿನ, ಯಾರೂ ಮುಟ್ಟದೆಯೇ ತೆರೆಯ ಮೇಲಿನ ಆಟಗಾರ ಒಂದು ಕಡೆಗೆ ನಡೆಯತೊಡಗುತ್ತಾನೆ. ಹೆಚ್ಚು ಆಡುವ ಮನೆಯಲ್ಲಿ ಇದು ಆಗೇ ಆಗುತ್ತದೆ. ಬೆಸುಗೆ ಬಿಡಿಸಿ ಕಡ್ಡಿಯನ್ನು ಬದಲಿಸಬಹುದು, ಆದರೆ ಐದು ವರ್ಷದ ಲೆಕ್ಕದಲ್ಲಿ ಇದನ್ನೂ ಸೇರಿಸಿಕೊಳ್ಳಿ.

ಕರೆಂಟ್ ಬಿಲ್ಲಿನ ಭಯ ದೊಡ್ಡದಲ್ಲ. ದೊಡ್ಡ ಆಟ ನಡೆಯುವಾಗ ಯಂತ್ರ ಸುಮಾರು 200 ವಾಟ್ ಎಳೆಯುತ್ತದೆ, ದಿನಕ್ಕೆ ಎರಡು ಗಂಟೆಯಂತೆ ತಿಂಗಳಿಗೆ 12 ಯೂನಿಟ್. ಗೃಹಜ್ಯೋತಿಯ 200 ಯೂನಿಟ್ ಗಡಿಯ ಹತ್ತಿರವೇ ಇರುವ ಮನೆಗಳು ಹೆಚ್ಚು ಎಚ್ಚರ ವಹಿಸಬೇಕು, ಏಕೆಂದರೆ ಗಡಿ ದಾಟಿದ ತಿಂಗಳು ಇಡೀ ಬಿಲ್ಲನ್ನು ಕಟ್ಟಬೇಕಾಗುತ್ತದೆ. ಟಿವಿಯನ್ನೂ ಹೊಸದಾಗಿ ಕೊಳ್ಳಬೇಕಿಲ್ಲ. ಹಳೆಯ ಫುಲ್ ಎಚ್‌ಡಿ ಟಿವಿಯಲ್ಲೂ ಆಟ ಚೆನ್ನಾಗಿಯೇ ಕಾಣುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಗೇಮ್ ಮೋಡ್ ಇದ್ದರೆ ಹಾಕಿಕೊಳ್ಳಿ, ಬಟನ್ ಒತ್ತಿದ್ದಕ್ಕೂ ತೆರೆಯ ಮೇಲೆ ಕಾಣುವುದಕ್ಕೂ ನಡುವಿನ ತಡ ಕಡಿಮೆಯಾಗುತ್ತದೆ.

ಮಕ್ಕಳಿಗೆಂದು ಕೊಳ್ಳುವ ತಂದೆತಾಯಂದಿರಿಗೆ ಒಂದು ಮಾತು. ಪೆಟ್ಟಿಗೆ ತೆರೆದ ದಿನವೇ, ಮಗುವಿನ ಕೈಗೆ ಕೊಡುವ ಮೊದಲು, ನಿಮ್ಮ ಹೆಸರಿನ ಖಾತೆಯ ಅಡಿಯಲ್ಲಿ ಮಗುವಿನ ಖಾತೆ ತೆರೆದು, ದಿನದ ಆಟದ ಅವಧಿ, ವಯಸ್ಸಿನ ಮಿತಿ, ಖರ್ಚಿನ ಮಿತಿ ಮೂರನ್ನೂ ನಿಗದಿ ಮಾಡಿ. ಮೂರು ತಿಂಗಳು ಮುಕ್ತವಾಗಿ ಆಡಿದ ಮೇಲೆ ಮಿತಿ ಹಾಕಹೊರಟರೆ ಮನೆಯಲ್ಲಿ ಜಗಳವೇ ಆಗುತ್ತದೆ. ಆಟದಿಂದಾಗಿ ನಿದ್ದೆ, ಊಟ, ಓದು ತಪ್ಪುತ್ತಿರುವುದು ಕಂಡರೆ ನಮ್ಮ ನಗರದಲ್ಲಿಯೇ ನಿಮ್ಹಾನ್ಸ್‌ನ ಶಟ್ ಕ್ಲಿನಿಕ್ ಇದೆ, 2014ರಿಂದ ಇಂಥದ್ದನ್ನೇ ನೋಡುತ್ತಿದೆ. ಅಲ್ಲಿಗೆ ಹೋಗಲು ಸಂಕೋಚ ಬೇಡ. ಅಂಥ ಲಕ್ಷಣ ಫೋನಿನಲ್ಲೇ ಈಗಾಗಲೇ ಕಾಣುತ್ತಿದ್ದರೆ ಕನ್ಸೋಲ್ ಸದ್ಯಕ್ಕೆ ಬೇಡ ಎಂದೇ ನಾನು ಹೇಳುತ್ತೇನೆ, ಮಾರಾಟ ತಪ್ಪಿತೆಂದು ಯಾವ ಅಂಗಡಿಯವರು ಬೇಸರಿಸಿಕೊಂಡರೂ ಸರಿ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ಹೊಸದು ಭಾರವೆನಿಸಿದರೆ ಸೆಕೆಂಡ್ ಹ್ಯಾಂಡ್ ಯಂತ್ರ ಕೆಟ್ಟ ಆಯ್ಕೆಯೇನಲ್ಲ. ಮೂಲ ಬಿಲ್ ಕೇಳಿ. ಮಾರುವವರ ಮನೆಯಲ್ಲೇ ದೊಡ್ಡ ಆಟವೊಂದನ್ನು ಒಂದು ಗಂಟೆ ಓಡಿಸಿ, ಫ್ಯಾನಿನ ಸದ್ದು ಏರುತ್ತದೆಯೇ, ಯಂತ್ರ ತಾನಾಗಿ ಆಫ್ ಆಗುತ್ತದೆಯೇ ಗಮನಿಸಿ. ಡಿಸ್ಕ್ ಹಾಕಿ ತೆಗೆದು ನೋಡಿ. ಎಚ್‌ಡಿಎಂಐ ಕಿಂಡಿಗೆ ಟಾರ್ಚ್ ಬಿಟ್ಟು ನಾಲಿಗೆ ನೇರವಾಗಿದೆಯೇ ನೋಡಿ. ನಿಮ್ಮದೇ ಖಾತೆಯಿಂದ ಲಾಗಿನ್ ಆಗಿ ಆನ್‌ಲೈನ್ ಹೋಗಿ ಬನ್ನಿ, ಏಕೆಂದರೆ ನಿಯಮ ಮುರಿದದ್ದಕ್ಕೆ ಕಂಪನಿ ನಿಷೇಧಿಸಿದ ಯಂತ್ರಗಳೂ ಮಾರಾಟಕ್ಕೆ ಬರುತ್ತವೆ. ಹಣ ಕೊಡುವ ಮೊದಲು ಮಾರುವವರು ತಮ್ಮ ಖಾತೆಯನ್ನು ತೆಗೆದು, ಯಂತ್ರವನ್ನು ನಿಮ್ಮೆದುರಿಗೇ ರೀಸೆಟ್ ಮಾಡಿಕೊಡಲಿ.