ಹೂವಿಗಿಂತ ಮೊದಲು ಗೆಣ್ಣು ನೋಡಿ

ಲಾಲ್‌ಬಾಗಿನಲ್ಲಿ ಮರದ ಮುಂದೆ ನಿಂತವರು ಮೊದಲು ಬೋರ್ಡು ಓದುತ್ತಾರೆ, ಆಮೇಲೆ ಕತ್ತೆತ್ತಿ ಹೂ ಹುಡುಕುತ್ತಾರೆ. ಹೂವಿಲ್ಲದಿದ್ದರೆ ಇನ್ನು ಗುರುತು ಸಿಗುವುದಿಲ್ಲವೆಂದು ಮುಂದಕ್ಕೆ ನಡೆದುಬಿಡುತ್ತಾರೆ. ಸಸ್ಯ ಕುಟುಂಬಗಳನ್ನು, ಅಂದರೆ ನೆಂಟ ಸಸ್ಯಗಳ ಗುಂಪುಗಳನ್ನು, ಕಲಿಯಲು ಹೊರಟವರಲ್ಲಿ ಬಹಳ ಮಂದಿ ಸೋತು ಕೈಬಿಡುವುದು ಇಲ್ಲೇ. ಬಹುತೇಕ ಮರಗಳಲ್ಲಿ ಹೂ ಇರುವುದು ವರ್ಷಕ್ಕೆ ಕೆಲವು ವಾರ. ಗೆಣ್ಣು, ಅಂದರೆ ಎಲೆಯ ತೊಟ್ಟು ಕಡ್ಡಿಗೆ ಕೂಡುವ ಜಾಗ, ವರ್ಷವಿಡೀ ಇರುತ್ತದೆ. ಎಷ್ಟೋ ಕುಟುಂಬಗಳ ಅರ್ಧ ಗುರುತು ಅಲ್ಲೇ ಸಿಕ್ಕಿಬಿಡುತ್ತದೆ.

ಹತ್ತು ಪಟ್ಟು ಹಿಗ್ಗಿಸುವ, ಮಡಿಸಿ ಜೇಬಿಗಿಡುವ ಲೆನ್ಸ್ ಒಂದಿದ್ದರೆ ಸಾಕು. ಅದನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಕಡ್ಡಿಯನ್ನು ಲೆನ್ಸಿನಿಂದ ಎರಡೂವರೆ ಸೆಂಟಿಮೀಟರ್ ದೂರಕ್ಕೆ ತನ್ನಿ. ಲೆನ್ಸನ್ನು ಹೂವಿನ ಮೇಲಿಟ್ಟು ದೂರದಿಂದ ಇಣುಕಿದರೆ ಎಲ್ಲವೂ ಮಸುಕು. ಗಿಡದಿಂದ ಏನನ್ನೂ ಕೀಳುವ ಅಗತ್ಯವಿಲ್ಲ. ಬೆಳಿಗ್ಗೆ ಕಸ ಗುಡಿಸುವ ಮೊದಲೇ ಹೋದರೆ ಮರದಡಿ ಬಿದ್ದ ಕಡ್ಡಿ, ಹೂ, ಕಾಯಿ ಬೇಕಾದಷ್ಟು ಸಿಗುತ್ತವೆ.

ಮೊದಲ ಪ್ರಶ್ನೆ ಇಷ್ಟೇ: ಎಲೆ ಯಾವುದು? ಹುಣಸೆಯ ಗರಿಯಲ್ಲಿ ಸಾಲಾಗಿರುವ ಎಲೆಯಂಥ ಪುಟ್ಟ ಎಸಳುಗಳಲ್ಲಿ ಒಂದನ್ನು ಕಿತ್ತು ‘ಇದು ಎಲೆ’ ಎನ್ನುವವರು ಆಗಲೇ ದಾರಿ ತಪ್ಪಿರುತ್ತಾರೆ. ಎಲೆಯ ಕಂಕುಳಲ್ಲಿ, ಅಂದರೆ ತೊಟ್ಟು ಮತ್ತು ಕಡ್ಡಿಯ ನಡುವಿನ ಸಂದಿಯಲ್ಲಿ, ಒಂದು ಮೊಗ್ಗು ಇರುತ್ತದೆ, ಮುಂದೆ ಅದೇ ಕೊಂಬೆಯೋ ಹೂವೋ ಆಗುತ್ತದೆ. ಎಲೆಯೊಳಗಿನ ಎಸಳಿನ ಕಂಕುಳಲ್ಲಿ ಮೊಗ್ಗು ಇರುವುದಿಲ್ಲ. ಬೀದಿಯಲ್ಲಿ ಎಷ್ಟು ಮನೆಗಳಿವೆ ಎಂದು ತಿಳಿಯಬೇಕಾದರೆ ತಲೆಬಾಗಿಲು ಎಣಿಸಬೇಕು, ಒಳಕೋಣೆಗಳ ಬಾಗಿಲನ್ನಲ್ಲ. ಇಪ್ಪತ್ತು ಎಸಳಿದ್ದರೂ ಹುಣಸೆ ಎಲೆಗೆ ಮೊಗ್ಗಿರುವುದು ಬುಡದಲ್ಲಿ ಮಾತ್ರ. ಹಾಗಾಗಿ ಆ ಇಡೀ ಗರಿಯೇ ಒಂದು ಎಲೆ.

ಈಗ ಬೆಟ್ಟದ ನೆಲ್ಲಿಯ ಹತ್ತಿರ ಬನ್ನಿ. ನೋಡಲು ಅದೇ ಗರಿ, ಅದೇ ಸಾಲು ಎಸಳು. ಆದರೆ ಬೇಸಿಗೆಯಲ್ಲಿ ಲೆನ್ಸ್ ಹಿಡಿದು ನೋಡಿದರೆ ಒಂದೊಂದು ‘ಎಸಳಿನ’ ಬುಡದಲ್ಲೂ ಹಸಿರು ಮಿಶ್ರಿತ ಹಳದಿಯ ಪುಟ್ಟ ಹೂಗಳು ಅಂಟಿಕೊಂಡಿರುತ್ತವೆ. ಅಂದಮೇಲೆ ಅವು ಎಸಳುಗಳಲ್ಲ, ಪೂರ್ಣ ಎಲೆಗಳು. ಗರಿ ಎಂದು ನಾವು ತಿಳಿದದ್ದು ಕಿರುಕೊಂಬೆ. ಮರ ಆ ಕಿರುಕೊಂಬೆಯನ್ನು ಎಲೆ ಉದುರಿಸುವಂತೆಯೇ ಇಡಿಯಾಗಿ ಉದುರಿಸುತ್ತದೆ, ಆದ್ದರಿಂದಲೇ ಕಣ್ಣು ಇಷ್ಟು ಸುಲಭವಾಗಿ ಮೋಸ ಹೋಗುವುದು. ಹಿತ್ತಿಲಲ್ಲಿ ಕಳೆಯಾಗಿ ಬೆಳೆಯುವ ನೆಲನೆಲ್ಲಿಯನ್ನು ತಿರುಗಿಸಿ ನೋಡಿ: ಗರಿಯ ಅಡಿಯಲ್ಲಿ ಸಾಲಾಗಿ ಕಾಯಿ! ಎರಡೂ ಫಿಲ್ಯಾಂತೇಸಿ ಕುಟುಂಬದವು. ಹುಣಸೆ ಅವರೆ, ತೊಗರಿಗಳ ಫೇಬೇಸಿಗೆ ಸೇರಿದ್ದು. ಈ ಎರಡನ್ನು ಬೇರ್ಪಡಿಸುವುದು ಗೊತ್ತಾದರೆ ಕಷ್ಟದ ಪಾಠ ಮುಗಿದಂತೆ.

ಫೇಬೇಸಿಯ ಗೆಣ್ಣಿನಲ್ಲಿ ಇನ್ನೊಂದು ಗುರುತಿದೆ. ತೊಟ್ಟಿನ ಬುಡ ಬೆರಳ ಗಂಟಿನಂತೆ ಉಬ್ಬಿರುತ್ತದೆ. ಮುಟ್ಟಿದರೆ ಮುನಿ ಮಡಚಿಕೊಳ್ಳುವುದು ಈ ಉಬ್ಬಿನ ಒಂದು ಬದಿಯ ಜೀವಕೋಶಗಳಿಂದ ನೀರು ಹೊರಹೋಗುವುದರಿಂದ. ಮಳೆಮರ ಸಂಜೆಗೆ ಎಲೆ ಮಡಚುವುದಕ್ಕೂ ಇದೇ ಕೀಲು.

ಇನ್ನು ಆಲ, ಅರಳಿ, ಅತ್ತಿ, ಹಲಸಿನ ಎಳೆ ಕಡ್ಡಿ. ತುದಿಯ ಮೊಗ್ಗನ್ನು ಸ್ಟಿಪ್ಯೂಲ್ ಎಂಬ ಹಾಳೆ ಟೊಪ್ಪಿಗೆಯಂತೆ ಮುಚ್ಚಿರುತ್ತದೆ. ಎಲೆ ಬಿಚ್ಚಿಕೊಂಡಾಗ ಟೊಪ್ಪಿಗೆ ಬಿದ್ದುಹೋಗಿ, ಕಡ್ಡಿಯ ಸುತ್ತ ಉಂಗುರದ ಗಾಯ ಉಳಿಯುತ್ತದೆ. ಸಂಪಿಗೆಗೂ ಇಂಥದೇ ಉಂಗುರವಿದೆ, ಆದರೆ ಮುರಿದರೆ ಆಲದ ಹಾಗೆ ಹಾಲು ಬರುವುದಿಲ್ಲ. ಉಂಗುರವೂ ಹಾಲೂ ಸೇರಿದರೆ ಆಲ, ಹಲಸುಗಳ ಮೊರೇಸಿ. ಹಾಲು ಮಾತ್ರ ನೋಡಿ ತೀರ್ಪು ಕೊಡಬಾರದು: ಎಕ್ಕಕ್ಕೂ ಹಾಲಿದೆ, ಕಳ್ಳಿಗೂ ಇದೆ, ಆಲ, ಎಕ್ಕ, ಕಳ್ಳಿ ಮೂರೂ ಬೇರೆ ಬೇರೆ ಕುಟುಂಬ. ಕಳ್ಳಿಯ ಹಾಲು ತಾಗಿದ ಕೈಯಿಂದ ಕಣ್ಣು ಉಜ್ಜಿಕೊಂಡರೆ ಕಣ್ಣಿಗೇ ಅಪಾಯ. ಕಾಫಿ ಮತ್ತು ಕೇಪಳದಲ್ಲಿ ಎಲೆಗಳು ಎದುರುಬದುರು. ಎರಡು ತೊಟ್ಟುಗಳ ನಡುವೆ, ಕಡ್ಡಿಯ ಮೇಲೆ, ತ್ರಿಕೋನದ ಪುಟ್ಟ ಸ್ಟಿಪ್ಯೂಲ್ ಕೂತಿರುತ್ತದೆ. ಅದು ರೂಬಿಯೇಸಿಯ ಮೊಹರು.

ಇದೆಲ್ಲ ಯಾಕೆ ಬೇಕು ಎನ್ನುವವರು ಅಶೋಕದ ಗೊಂದಲ ನೋಡಲಿ. ಕಾಂಪೌಂಡಿನುದ್ದಕ್ಕೂ ಕಂಬದಂತೆ ನಿಲ್ಲುವ, ಅಲೆಅಲೆ ಅಂಚಿನ ಬಿಡಿ ಎಲೆಗಳ ಮರ ಅಶೋಕವಲ್ಲ. ಅದರ ಹಸಿರು ಹೂವಿನಲ್ಲಿ ಮೂರರ ಎರಡು ಸುತ್ತಿನಲ್ಲಿ ಆರು ದಳ. ಅದು ಸೀತಾಫಲದ ಅನೋನೇಸಿ. ನಿಜವಾದ ಅಶೋಕ ಫೇಬೇಸಿಯದು: ಹಲವು ಎಸಳುಗಳ ಎಲೆ, ಉಬ್ಬಿದ ತೊಟ್ಟು, ತಾಮ್ರದ ಬಣ್ಣದಲ್ಲಿ ಜೋಲುವ ಚಿಗುರು, ಕಿತ್ತಳೆ ಹೂಗೊಂಚಲು, ಚಪ್ಪಟೆ ಕಾಯಿ. ಅಶೋಕದ ತೊಗಟೆಯೆಂದು ಈ ಕಂಬದ ಮರದ ತೊಗಟೆಯನ್ನು ಬೆರೆಸಿ ಮಾರುವುದುಂಟು. ಹೆಸರನ್ನಷ್ಟೇ ನಂಬಿ ಕಷಾಯ ಕುಡಿಯುವವರಿಗೆ ಕುಟುಂಬದ ಪಾಠ ಒಣ ಪಾಂಡಿತ್ಯವಲ್ಲ.

ಒಂದೇ ಗುರುತಿಗೆ ಜೋತುಬಿದ್ದರೆ ಏನಾಗುತ್ತದೆ ಎಂಬುದನ್ನು ಇತಿಹಾಸವೂ ತೋರಿಸಿದೆ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಹೂಗಳಲ್ಲಿನ, ಪರಾಗ ಹೊರುವ ಕೇಸರಗಳನ್ನು ಎಣಿಸಿ ಸಸ್ಯಗಳನ್ನು 24 ವರ್ಗಗಳಾಗಿ ಹಂಚಿದ. ತುಳಸಿಗೆ ನಾಲ್ಕು ಕೇಸರ, ಹೂಪಾತಿಗಳಲ್ಲಿ ಕೆಂಪಗೆ ನಿಲ್ಲುವ ಸಾಲ್ವಿಯಾಕ್ಕೆ ಎರಡು. ಹಾಗಾಗಿ ಹತ್ತಿರದ ನೆಂಟರು ಬೇರೆ ಬೇರೆ ವರ್ಗಕ್ಕೆ ಹೋದರು. 1789ರಲ್ಲಿ ಪ್ಯಾರಿಸಿನ ಸಸ್ಯವಿಜ್ಞಾನಿ ಜ್ಯೂಸಿಯು ಹಲವು ಲಕ್ಷಣಗಳನ್ನು ಒಟ್ಟಿಗೆ ತೂಗಿ ಕುಟುಂಬಗಳನ್ನು ಕಟ್ಟಿದ. ಇಂದಿನ ಪದ್ಧತಿಯ ಬೇರು ಅಲ್ಲಿದೆ. ಈಗ ಡಿಎನ್‌ಎ ಆಧಾರದ ಎಪಿಜಿ (ಆಂಜಿಯೋಸ್ಪರ್ಮ್ ಫೈಲೋಜೆನಿ ಗ್ರೂಪ್ ಎಂಬ ಸಸ್ಯವಿಜ್ಞಾನಿಗಳ ತಂಡದ) ವರ್ಗೀಕರಣ ಬಳಕೆಯಲ್ಲಿದೆ. ಅದರ 2016ರ ಆವೃತ್ತಿಯಲ್ಲಿ ಹೂಬಿಡುವ ಸಸ್ಯಗಳಿಗೆ 416 ಕುಟುಂಬಗಳು. ಅಷ್ಟನ್ನೂ ಕಲಿಯಬೇಕಿಲ್ಲ, ಹದಿನೈದರಿಂದ ಶುರುಮಾಡಿ.

ಹಳೆಯ ಪುಸ್ತಕವೋ ಬೋರ್ಡೋ ಬೂರುಗವನ್ನು ಬಾಂಬಕೇಸಿ ಎಂದಿದ್ದರೆ ಗಾಬರಿ ಬೇಡ, ಆ ಕುಟುಂಬವೀಗ ದಾಸವಾಳದ ಮಾಲ್ವೇಸಿಯೊಳಗೆ ಸೇರಿದೆ. ತೇಗವನ್ನು ವರ್ಬಿನೇಸಿ ಎಂದು ಬರೆದಿದ್ದರೆ ತೇಗದ ಎಳೆ ಕಡ್ಡಿಯೊಂದನ್ನು ಹೆಬ್ಬೆರಳು, ತೋರುಬೆರಳ ನಡುವೆ ಉರುಳಿಸಿ. ನಾಲ್ಕು ಮೂಲೆ ಕೈಗೆ ಸಿಗುತ್ತವೆ, ಪುದೀನದ ಕಡ್ಡಿಯ ಹಾಗೆಯೇ. ಎಲೆಗಳೂ ಎದುರುಬದುರು, ಒಂದು ಜೋಡಿಗೆ ಮುಂದಿನ ಜೋಡಿ ಅಡ್ಡಡ್ಡ. ತೇಗ ಈಗ ತುಳಸಿ, ಪುದೀನ, ದೊಡ್ಡಪತ್ರೆಗಳ ಜೊತೆ ಲೇಮಿಯೇಸಿಯಲ್ಲಿದೆ. ಅದು ತೇಗವೇ ಹೌದೋ ಎಂಬ ಅನುಮಾನ ಉಳಿದರೆ ಬಿದ್ದ ಎಳೆ ಎಲೆಯೊಂದನ್ನು ಅಂಗೈಯಲ್ಲಿ ಉಜ್ಜಿ, ಕೈ ಕೆಂಪಾಗುತ್ತದೆ.