ಚಿಕನ್‌ಪಾಕ್ಸ್: ‘ಸಣ್ಣವಳಿದ್ದಾಗ ಅಮ್ಮ ಬಂದಿತ್ತು’ ಅಂದರೆ ಸಾಕಾ?

ಕಾರವಾರದಲ್ಲಿ ನನ್ನ ಜೊತೆ ನರ್ಸಿಂಗ್ ಓದುತ್ತಿರುವವರಿಗೆ ಈ ಟಿಪ್ಪಣಿ. ಈ ಪಾಠ ನನಗೆ ಅರ್ಥವಾದದ್ದು ಒಪಿಡಿಯಲ್ಲಿ.

ಅಂಕೋಲಾ ಕಡೆಯ ಗರ್ಭಿಣಿಯೊಬ್ಬರು ಬಂದಿದ್ದರು. ಮನೆಯಲ್ಲಿ ಅಕ್ಕನ ಮಗನಿಗೆ ಚಿಕನ್‌ಪಾಕ್ಸ್. “ನನಗೆ ಸಣ್ಣವಳಿದ್ದಾಗ ಅಮ್ಮ ಬಂದಿತ್ತು. ಮತ್ತೆ ಬರೂದಿಲ್ಲ ಅಲ್ವಾ?” ಅಂದರು. ನಾನು ‘ಆಗಿದೆ’ ಅಂತ ಬರೆದೂ ಬಿಟ್ಟೆ. ಸಿಸ್ಟರ್ ತಡೆದರು. “ನಿಮ್ಮ ಆಯಿಗೆ ಫೋನ್ ಹಚ್ಚಿ. ಗುಳ್ಳೆಯಲ್ಲಿ ನೀರು ತುಂಬಿತ್ತಾ, ತುರಿಕೆ ಇತ್ತಾ, ಹೊಸ ಗುಳ್ಳೆ, ಒಣಗಿದ ಗುಳ್ಳೆ ಒಟ್ಟಿಗೇ ಇದ್ದವಾ ಕೇಳಿ.” ಆಯಿ ಹೇಳಿದ್ದು ಬೇರೆ: ಜ್ವರ, ಕೆಮ್ಮು, ಕೆಂಪು ಕಣ್ಣು, ಆಮೇಲೆ ಮೈತುಂಬ ಕೆಂಪು. ಅದು ದಡಾರದ ಲಕ್ಷಣ! ಜನ ಎರಡಕ್ಕೂ ಅಮ್ಮ ಅಂತಲೇ ಹೇಳುತ್ತಾರೆ. ಕೂಡಲೇ ಚಿಕನ್‌ಪಾಕ್ಸ್ ಐಜಿಜಿ (ರೋಗದ ವಿರುದ್ಧ ದೇಹ ತಯಾರಿಸಿಕೊಂಡ ಪ್ರತಿಕಾಯ) ಪರೀಕ್ಷೆಗೆ ರಕ್ತ ಕಳಿಸಿದರು.

ಹಾಗಾದರೆ ರೋಗನಿರೋಧಕ ಶಕ್ತಿ ಇದೆ ಅನ್ನಲು ಏನು ಬೇಕು? ಎರಡು ಡೋಸ್ ಲಸಿಕೆ ಹಾಕಿಸಿದ ದಾಖಲೆ, ಇಲ್ಲವೇ ಡಾಕ್ಟರ್ ನೋಡಿ ಖಚಿತಪಡಿಸಿದ ಚಿಕನ್‌ಪಾಕ್ಸ್ ಅಥವಾ ಸರ್ಪಸುತ್ತು, ಇಲ್ಲವೇ ರಕ್ತದಲ್ಲಿ ಐಜಿಜಿ. ಪುಸ್ತಕದಲ್ಲಿ ‘1980ಕ್ಕಿಂತ ಮೊದಲು ಹುಟ್ಟಿದವರು’ ಅಂತಲೂ ಇರುತ್ತದೆ. ಅದು ಅಮೆರಿಕದಲ್ಲಿ ಹುಟ್ಟಿದವರ ಲೆಕ್ಕ, ನಮಗೆ ತರಬೇಡಿ. ನಮ್ಮಂಥ ಬಿಸಿ ಪ್ರದೇಶದಲ್ಲಿ ಈ ರೋಗ ದೊಡ್ಡವರಾದ ಮೇಲೆ ಬರುವುದೂ ಜಾಸ್ತಿ.

ದಾಖಲೆ ಇಲ್ಲದ ದೊಡ್ಡವರಿಗೆ ಎರಡು ಡೋಸ್, ನಡುವೆ ಕಡಿಮೆ ಎಂದರೆ 4 ವಾರ. ಅಂತರ ಹೆಚ್ಚಾದರೆ ಮೊದಲಿನಿಂದ ಶುರು ಮಾಡಬೇಕಿಲ್ಲ. ಇದು ಜೀವಂತ ವೈರಸ್ಸಿನ ಲಸಿಕೆ. ಆದ್ದರಿಂದ ಗರ್ಭಿಣಿಯರಿಗೆ, ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಿಗೆ ಕೊಡುವಂತಿಲ್ಲ. ಗರ್ಭಿಣಿಗೆ ಹೆರಿಗೆ ಆದ ಮೇಲೆ ಕೊಡಬಹುದು, ಎದೆಹಾಲು ನಿಲ್ಲಿಸಬೇಕಿಲ್ಲ. ಎರಡು ಡೋಸ್ ಆದ ಮೇಲೆ ಸುಮ್ನೆ ಐಜಿಜಿ ಮಾಡಿಸಬೇಡಿ. ಸಾಮಾನ್ಯ ಕಿಟ್‌ಗಳಿಗೆ ಲಸಿಕೆಯಿಂದ ಬಂದ ಶಕ್ತಿ ಎಷ್ಟೋ ಸಲ ಕಾಣುವುದಿಲ್ಲ. ಕಾರ್ಡೇ ಸಾಕು.

ಇನ್ನು ರೋಗಿಯ ಸಂಪರ್ಕಕ್ಕೆ ಬಂದಾಗ. ಇಲ್ಲಿ ದಿನ ಎಣಿಸುವುದೇ ಮುಖ್ಯ. ಗುಳ್ಳೆ ಏಳುವ 1–2 ದಿನ ಮೊದಲೇ ಸೋಂಕು ಹರಡುತ್ತದೆ, ಅದನ್ನೂ ಸೇರಿಸಿ. ಮಾರ್ಚ್ 3ರಂದು ನೀವು ರೋಗಿಯ ಹತ್ತಿರ ಇದ್ದಿರಿ, ನಿಮ್ಮಲ್ಲಿ ಯಾವ ದಾಖಲೆಯೂ ಇಲ್ಲ ಅಂದುಕೊಳ್ಳಿ. ಲಸಿಕೆ 3 ದಿನದೊಳಗೆ, ಅಂದರೆ ಮಾರ್ಚ್ 6ರೊಳಗೆ ಆದರೆ ಒಳ್ಳೆಯದು, 5 ದಿನ, ಅಂದರೆ 8ರವರೆಗೂ ಹಾಕಿಸಬಹುದು. ಲಸಿಕೆ ಕೊಡಲಾಗದ ಗರ್ಭಿಣಿಗೆ ವ್ಯಾರಿಸೆಲ್ಲಾ ಜೋಸ್ಟರ್ ಇಮ್ಯುನೊಗ್ಲಾಬ್ಯುಲಿನ್ (ಚಿಕನ್‌ಪಾಕ್ಸ್ ವೈರಸ್ ವಿರುದ್ಧದ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು), ಆದಷ್ಟು ಬೇಗ, 10 ದಿನದೊಳಗೆ, ಅಂದರೆ 13ರೊಳಗೆ. ದಾಖಲೆ ಇಲ್ಲದ ನೀವು 8ನೇ ದಿನದಿಂದ 21ನೇ ದಿನದವರೆಗೆ, ಅಂದರೆ 11ರಿಂದ 24ರವರೆಗೆ, ರೋಗಿಗಳ ಹತ್ತಿರ ಹೋಗುವಂತಿಲ್ಲ. ಇಮ್ಯುನೊಗ್ಲಾಬ್ಯುಲಿನ್ ಪಡೆದಿದ್ದರೆ ರೋಗ ತಡವಾಗಿ ಕಾಣಬಹುದು. ಆಗ 28 ದಿನ, ಅಂದರೆ 31ರವರೆಗೆ.

ಅಷ್ಟಾಗಿಯೂ ಗುಳ್ಳೆ ಎದ್ದರೆ ತಡಮಾಡಬೇಡಿ. ದೊಡ್ಡವರಿಗೆ ನ್ಯುಮೋನಿಯಾದ ಭಯ ಹೆಚ್ಚು. ವೈರಸ್ ತಡೆಯುವ ಔಷಧಿ ಅಸೈಕ್ಲೊವಿರ್ ಮೊದಲ 24 ಗಂಟೆಯಲ್ಲಿ ಶುರುವಾದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಉಸಿರು ಕಟ್ಟಿದರೆ ನೇರ ಆಸ್ಪತ್ರೆಗೆ.

ಎರಡೂ ಡೋಸ್ ಆದವರು ಕೆಲಸ ಮುಂದುವರಿಸಬಹುದು. ಆದರೆ ಅದೇ 8ರಿಂದ 21ನೇ ದಿನದವರೆಗೆ ದಿನವೂ ಡ್ಯೂಟಿಗೆ ಮೊದಲು ಜ್ವರ ನೋಡಿಕೊಳ್ಳಬೇಕು, ಮೈ ಪರೀಕ್ಷಿಸಿಕೊಳ್ಳಬೇಕು. ಬೆನ್ನು, ತಲೆಗೂದಲ ಒಳಗೆ ಕೂಡ.