ಸೋರುವ ಬಿಂದಿಗೆಗಳ ನೆನಪು

ರ‍್ಯಾಮ್ (ಕಂಪ್ಯೂಟರು ಕೆಲಸದ ನಡುವೆ ಮಾಹಿತಿ ಇಟ್ಟುಕೊಳ್ಳುವ ತಾತ್ಕಾಲಿಕ ನೆನಪು) ಇಮ್ಮಡಿಸಿದರೆ ಕಂಪ್ಯೂಟರಿನ ವೇಗವೂ ಇಮ್ಮಡಿಸುತ್ತದೆ ಎಂದು ಬಲ್ಲವರೇ ಹೇಳುವುದನ್ನು ಕೇಳಿದ್ದೇನೆ. ತಾಯಿತ ಕಟ್ಟಿದರೆ ಪರೀಕ್ಷೆ ಪಾಸಾಗುತ್ತದೆ ಎನ್ನುವಷ್ಟೇ ವೈಜ್ಞಾನಿಕ ಮಾತು ಇದು. ಇರುವ ಜಾಗ ತುಂಬಿ, ಕಂಪ್ಯೂಟರು ಮಾಹಿತಿಯನ್ನು ಡಿಸ್ಕಿಗೆ ಹೊತ್ತು ಹಾಕುತ್ತ, ಮತ್ತೆ ಹೊತ್ತು ತರುತ್ತ ಏದುಸಿರು ಬಿಡುತ್ತಿದ್ದರೆ ಹೊಸ ರ‍್ಯಾಮ್ ನಿಜಕ್ಕೂ ಸಂಜೀವಿನಿ. ಅರ್ಧ ಖಾಲಿ ಬಿದ್ದಿರುವಾಗ ಸೇರಿಸಿದರೆ ಹೆಚ್ಚುವುದು ಬಹುಮಟ್ಟಿಗೆ ಖಾಲಿ ಜಾಗವೇ. ರ‍್ಯಾಮ್ ಚಿಪ್ಪುಗಳನ್ನು ಹೊತ್ತ ಒಂಟಿ ಪಟ್ಟಿಗೆ ಇನ್ನೊಂದನ್ನು ಜೊತೆ ಕೊಟ್ಟಾಗ ಮಾಹಿತಿಗೆ ಎರಡು ದಾರಿ ತೆರೆದು ತುಸು ಚುರುಕಾಗುವುದುಂಟು. ಅದು ಬೇರೆ ಲೆಕ್ಕ.

ಆ ಪಟ್ಟಿಯೊಳಗಿನ ಮರೆವಿನ ಕಥೆ ಇದಕ್ಕಿಂತ ಸೊಗಸು. 8 ಜಿಬಿ ಪಟ್ಟಿಯಲ್ಲಿ ಸುಮಾರು 6,870 ಕೋಟಿ ಕೆಪಾಸಿಟರುಗಳಿವೆ, ಅಂದರೆ ವಿದ್ಯುದಂಶ ಹಿಡಿದಿಡುವ ಪುಟ್ಟ ಪಾತ್ರೆಗಳು. ವಿದ್ಯುದಂಶ ತುಂಬಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ತೊಂದರೆಯೆಂದರೆ ಎಲ್ಲವೂ ತೂತು ಬಿಂದಿಗೆಗಳು. ತುಂಬಿದ್ದು ಸೋರುತ್ತಲೇ ಇರುತ್ತದೆ. ಆದ್ದರಿಂದ ಡಿಡಿಆರ್4 ಎಂಬ ರ‍್ಯಾಮ್ ಮಾದರಿಯಲ್ಲಿ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಪ್ರತಿಯೊಂದನ್ನೂ ಓದಿ ಮತ್ತೆ ತುಂಬಬೇಕು. ಮಳೆಯಲ್ಲಿ ಅಳಿಯುತ್ತಿರುವ ರಂಗೋಲಿಯನ್ನು ಬಿಡದೆ ತಿದ್ದುತ್ತ ಕೂತವಳ ಪಾಡು ಅದು. ಇನ್ನೊಂದು ವಿಪರ್ಯಾಸ: ಓದುವುದೆಂದರೂ ಖಾಲಿ ಮಾಡುವುದೇ! ಪಾತ್ರೆಯಲ್ಲಿ ಹಾಲಿದೆಯೇ ಎಂದು ತಿಳಿಯಲು ಅದನ್ನೇ ಬೋರಲು ಹಾಕಿ, ಇದ್ದರೆ ಪುನಃ ತುಂಬಿಸಿಟ್ಟ ಹಾಗೆ.

ಒಂದೊಂದು ಸೊನ್ನೆ-ಒಂದಕ್ಕೆ ಒಂದು ಟ್ರಾನ್ಸಿಸ್ಟರು (ಪುಟ್ಟ ವಿದ್ಯುತ್ ಸ್ವಿಚ್ಚು), ಒಂದು ಕೆಪಾಸಿಟರು ಸಾಕು ಎಂಬ ಈ ಜಿಪುಣ ಉಪಾಯ ಐಬಿಎಂನ ರಾಬರ್ಟ್ ಡೆನಾರ್ಡ್ ಅವರದು. ಪೇಟೆಂಟ್ ಸಿಕ್ಕಿದ್ದು 1968ರಲ್ಲಿ. ಅದಕ್ಕೂ ಮೊದಲು ಸಣ್ಣ ಕಾಂತೀಯ ಉಂಗುರಗಳನ್ನು ತಂತಿಯಲ್ಲಿ ಪೋಣಿಸಿ ನೆನಪನ್ನು ಹೆಣೆಯುತ್ತಿದ್ದರು. ಕರೆಂಟು ಹೋದರೂ ಆ ಉಂಗುರಗಳು ಮರೆಯುತ್ತಿರಲಿಲ್ಲ. ಹಾಗೆಂದು ಇಂದಿನ ರ‍್ಯಾಮ್ ತಟ್ಟನೆ ಎಲ್ಲವನ್ನೂ ಮರೆಯುತ್ತದೆ ಎಂದೇನೂ ಅಲ್ಲ. 64 ಮಿಲಿಸೆಕೆಂಡು ಎನ್ನುವುದು ತೀರ ಸೋರುವ ಬಿಂದಿಗೆಗೂ ಒಪ್ಪುವ ಗಡುವು. ಹೆಚ್ಚಿನವು ಕೆಲವು ಸೆಕೆಂಡು ತಡೆದಾವು. ತಣ್ಣಗೆ ಮಾಡಿದರೆ ನಿಮಿಷಗಟ್ಟಲೆ ಉಳಿದಾವು. 2008ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರ ತಂಡವೊಂದು ಆಫ್ ಮಾಡಿದ ಕಂಪ್ಯೂಟರಿನ ರ‍್ಯಾಮಿನಿಂದ ಗುಪ್ತಲಿಪಿ ಬಿಡಿಸುವ ಕೀಲಿಗಳನ್ನು ಹೀಗೆಯೇ ಹೊರತೆಗೆದು ತೋರಿಸಿತು.

ಹೊಸ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಕೂರಿಸುವ ಕೆಲಸದಲ್ಲಿ ಮಂತ್ರವಿದ್ಯೆ ಏನೂ ಇಲ್ಲ. ವಿದ್ಯುತ್ ತಂತಿ ಕಿತ್ತು, ಪೆಟ್ಟಿಗೆಯ ಬರಿ ಲೋಹ ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಇಳಿಸಿಕೊಳ್ಳಿ. ನಮ್ಮ ಅರಿವಿಗೇ ಬಾರದ ಕಿಡಿಯೂ ಚಿಪ್ಪನ್ನು ಸುಡಬಲ್ಲದು. ಡೆಸ್ಕ್‌ಟಾಪಿನ ಡಿಡಿಆರ್4 ಮತ್ತು ಅದರ ಮುಂದಿನ ತಲೆಮಾರಿನ ಡಿಡಿಆರ್5 ಪಟ್ಟಿ ಎರಡಕ್ಕೂ 288 ಪಿನ್ನುಗಳಿದ್ದರೂ ಅಂಚಿನ ಕಚ್ಚು ಬೇರೆ ಬೇರೆ ಜಾಗದಲ್ಲಿದೆ, ಒಂದು ಮತ್ತೊಂದರ ಗೂಡಿಗೆ ಇಳಿಯದು. ಕಚ್ಚು ಹೊಂದಿದ ಮೇಲೆ ಎರಡೂ ತುದಿಗಳನ್ನು ಒತ್ತಿ. ಧೈರ್ಯವಾಗಿಯೇ ಒತ್ತಿ! ಮೊದಲ ಸಲ ಮುರಿದೀತೆಂದು ಹೆದರಿ ನಾನು ಮೆಲ್ಲಗೆ ಒತ್ತಿದ್ದೆ. ಪರದೆ ಕಪ್ಪಗೇ ಉಳಿಯಿತು, ಪೆಟ್ಟಿಗೆ ಬೀಪ್ ಬೀಪ್ ಎಂದು ಅಳತೊಡಗಿತು. ಅರ್ಧ ಗಂಟೆ ಇದ್ದಬದ್ದ ತಂತಿಗಳನ್ನೆಲ್ಲ ಶಂಕಿಸಿದ ಮೇಲೆ ಕಣ್ಣಿಗೆ ಬಿತ್ತು: ಪಟ್ಟಿಯ ಒಂದು ತುದಿ ಕೂದಲೆಳೆಯಷ್ಟು ಮೇಲೆ ನಿಂತಿತ್ತು.